ಐತವಾರದ ಒಗ್ಯಾಣ

ಕಬ್ಬು ಕಡಿದ ಹೊಲದಲ್ಲಿ ಉಳಿಯುವ ಒಣ ಗರಿಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಹೋದ ವಾರ ಹಳಿಯಾಳ ಬಿಟ್ಟು ದಾಂಡೇಲಿ ದಾರಿ ಹಿಡಿದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ನಿಂತಿದ್ದಾಗ ಯಾರದೋ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ್ದರು. ತಳ ಹತ್ತಿದ ಬೆಲ್ಲದ ಪಾಕದಂಥ ವಾಸನೆ ಕಿಟಕಿಗಳಿಂದ ಒಳಗೆ ನುಗ್ಗಿತು. ಮಂದಿ ಸೆರಗು, ಟವೆಲ್ಲು ಮೂಗಿಗೆ ಹಿಡಿದರು. ನಾನು ಬಗ್ಗಿ ಕಿಟಕಿಯಿಂದ ಆಕಾಶ ನೋಡಿದೆ. “ಕಂಡಕ್ಟರ್ ಬಾಯಿ, ಚಿಲ್ಲರ ಕೇಳಿದ್ರ ಮುಗಲ ನೋಡ್ತೀರಲ್ರೀ, ಅಲ್ಲಿಂದ ಉದರತಾವೇನು?” ಎಂದ ಒಬ್ಬ. ಬಸ್ಸೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಕೊಡುತ್ತಿದ್ದೆ. ಮಾತು ಬಾಕಿ ಇಟ್ಟುಕೊಳ್ಳುವವಳಲ್ಲ ನಾನು. ಆವತ್ತು ಚಿಲ್ಲರೆ ಎಣಿಸಿ ಅವನ ಕೈಗಿಟ್ಟೆ. ಹೊಗೆಯ ವಾಸನೆ ಬಂದರೆ ಮೇಲೆ ನೋಡುವುದು ಆ ಒಂದು ಚಳಿಗಾಲದಲ್ಲಿ ಹತ್ತಿದ ಚಟ. ಮೇಲೆ ನೋಡಿ ಈಗ ಮಾಡುವುದೇನೂ ಉಳಿದಿಲ್ಲ, ಆ ಮಾತು ಬೇರೆ.

ಆಗ ನಾನು ವಿಮಾನಗಳ ಫೋಟೋ ತೆಗೆಯುತ್ತಿದ್ದೆ. ಹೀಗಂದ ಕೂಡಲೇ ಕೇಳಿದವರು ಒಂದು ಸಲ ನನ್ನ ಖಾಕಿ ನೋಡುತ್ತಾರೆ, ಒಂದು ಸಲ ಮುಖ ನೋಡುತ್ತಾರೆ. ನೋಡಲಿ ಬಿಡಿ. ದಾಂಡೇಲಿಯಲ್ಲಿ ಪ್ರಯಾಣಿಕರ ವಿಮಾನ ಇಳಿಯುವುದಿಲ್ಲ, ನಿಜ. ಆದರೆ ಗೋವೆಗೆ ಇಳಿಯುವವು, ಗೋವೆಯಿಂದ ಏರುವವು ನಮ್ಮ ತಲೆಯ ಮೇಲೇ ಹಾದುಹೋಗುತ್ತವೆ. ಹುಬ್ಬಳ್ಳಿ, ಬೆಳಗಾವಿಯ ಕಡೆಯವೂ ಕೆಲವು. ಲೆನ್ಸು ಉದ್ದವಿದ್ದು, ಗಾಳಿ ತಿಳಿಯಾಗಿದ್ದು, ಕೈ ನಡುಗದಿದ್ದರೆ, ರೆಕ್ಕೆಯ ಅಡಿಯಲ್ಲಿ ಬರೆದ ದೊಡ್ಡ ಅಕ್ಷರಗಳನ್ನು ನೆಲದ ಮೇಲೆ ನಿಂತೇ ಸೆರೆಹಿಡಿಯಬಹುದು. ಬಸ್ಸಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ಪ್ರತಿ ವಿಮಾನಕ್ಕೂ ಅದರದೇ ಅಕ್ಷರಗಳಿರುತ್ತವೆ. ಅವನ್ನು ಓದಲು ಬಂದರೆ ಅದು ಫೋಟೋ, ಬಾರದಿದ್ದರೆ ಕಾಗೆ. ಇದು ಬಸ್ತ್ಯಾಂವ್ ಸರ್ ಹೇಳುತ್ತಿದ್ದ ಮಾತು.

ಬಸ್ತ್ಯಾಂವ್ ಸರ್ ನನಗೆ ಸಿಕ್ಕದ್ದು ಬಸ್ಸಿನಲ್ಲಿ, ಜಗಳದಲ್ಲಿ. ತೊಡೆಯ ಮೇಲೆ ಒಂದು ಚೀಲ ಇಟ್ಟುಕೊಂಡು ಕೂತಿದ್ದರು. ಎಳೆಗೂಸನ್ನು ಹಿಡಿದ ಹಾಗೆ ಹಿಡಿದಿದ್ದರು. ನಾನು ಲಗೇಜ್ ಟಿಕೆಟ್ ತಗೊಳ್ಳಬೇಕಾಗುತ್ತದೆ ಅಂದೆ. “ಇದರಾಗ ಏನೈತಿ ಗೊತ್ತೈತೇನು?” ಎಂದು ಗುಡುಗಿದರು. “ಏನರ ಇರಲಿ, ಕೋಳಿ ಇದ್ರೂ ಟಿಕೆಟ್ ಐತಿ” ಅಂದೆ. ಚೀಲ ಬಿಚ್ಚಿ ತೋರಿಸಿದರು. ಮೊಳಕೈಯಷ್ಟು ಉದ್ದದ ಲೆನ್ಸು. ನನಗೆ ಲಗೇಜು ಮರೆತೇ ಹೋಯಿತು. ಹಳಿಯಾಳದಲ್ಲಿ ಮುಚ್ಚಿದ ಸ್ಟುಡಿಯೋ ಒಂದರಿಂದ ಹಳೆಯ ಕ್ಯಾಮೆರಾ, ಲೆನ್ಸು ತಂದುಕೊಂಡು ಒಂದು ವರ್ಷದಿಂದ ಬರೀ ಕಾಗೆಗಳನ್ನೇ ತೆಗೆಯುತ್ತಿದ್ದವಳು ನಾನು. ಇಳಿಯುವಾಗ ಅವರು ಹೇಳಿದರು: “ಐತವಾರ ಕೋಗಿಲಬನಕ್ಕ ಬಾ. ಒಗ್ಯಾಣ ಇರತೈತಿ.”

ಅವರು ಹಳಿಯಾಳ ಸೀಮೆಯ ಸಿದ್ದಿ ಮನೆತನದವರು. ಹರೆಯದಲ್ಲೇ ಗೋವೆಗೆ ಹೋಗಿ ವಿಮಾನ ನಿಲ್ದಾಣದಲ್ಲಿ ಏಣಿ ತಳ್ಳುವುದು, ವಿಮಾನ ಎಳೆಯುವ ಟ್ರ್ಯಾಕ್ಟರ್ ಓಡಿಸುವುದು ಮಾಡಿ, ನಿವೃತ್ತರಾಗಿ ಕೋಗಿಲಬನದಲ್ಲಿ ಕಾಳಿ ನದಿಯ ಹತ್ತಿರ ಮನೆ ಕಟ್ಟಿಕೊಂಡಿದ್ದರು. ಗೋವೆಯಲ್ಲಿ ಇಳಿದ ಪ್ರವಾಸಿಗರು ಅವರ ಗುಂಗುರು ಕೂದಲು ನೋಡಿ “ಯಾವ ದೇಶ?” ಎಂದು ಕೇಳುತ್ತಿದ್ದರಂತೆ. “ಹಳಿಯಾಳ ದೇಶ ಅಂತಿದ್ದೆ. ಹೌದೇನು, ಎಲ್ಲೈತಿ ಅದು ಅಂತ ನಕಾಶಿ ತಗೀತಿದ್ರು” ಎಂದು ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು. ಸೊಕ್ಕಿನ ಮನುಷ್ಯ. ಮೆತ್ತಗೆ ಮಾತಾಡಿದ್ದು ನಾನು ಆಗ ಕೇಳಿರಲಿಲ್ಲ.

ಒಗ್ಯಾಣ ಅಂದರೆ ನಮ್ಮ ಕಡೆ ಬಟ್ಟೆ ಒಗೆಯುವ ಕೆಲಸ. ಅವರ ಮನೆಯಲ್ಲಿ ಒಗೆಯುತ್ತಿದ್ದದ್ದು ಫೋಟೋಗಳನ್ನು. ವಾರವಿಡೀ ತೆಗೆದದ್ದರಲ್ಲಿ ಚೊಲೋ ಅನ್ನಿಸಿದ್ದನ್ನು ಕಾರ್ಡಿನಲ್ಲೇ ತರಬೇಕು, ಅವರ ದೊಡ್ಡ ಟಿವಿಗೆ ಹಚ್ಚಬೇಕು. ಮೊದಲು ತಪ್ಪು ಹೇಳಬೇಕು, ಎಲ್ಲರೂ. “ಸೂಪರ್ ಅನ್ನೂ ಮಾತ ಹೊರಗ ಚಪ್ಪಲಿ ಜೋಡಿ ಬಿಟ್ಟ ಬರ್ರಿ” ಎಂದು ಬಾಗಿಲಲ್ಲೇ ಹೇಳಿಬಿಡುತ್ತಿದ್ದರು. ಮನಸ್ಸು ನೋಯುತ್ತದೆಂದು ಸುಳ್ಳು ಹೇಳುವಂತಿಲ್ಲ. ಮತ್ತೆ ಸರ್ ತೆಗೆದುಹಾಕು ಅಂದದ್ದನ್ನು ಅಲ್ಲೇ, ಎಲ್ಲರೆದುರು, ಅಳಿಸಬೇಕು. ಯಾಕೆ ಎಂದು ಮೊದಲ ದಿನ ಕೇಳಿದ್ದೆ. “ಹೊಲಸ ಅರಬಿ ಹೊಳಿಗೆ ತಂದು ಹಂಗ ವಾಪಸ್ ಒಯ್ತಾರೇನು?” ಅಂದರು. ಅರಬಿ ಅಂದರೆ ನಮ್ಮ ಕಡೆ ಬಟ್ಟೆ. ಟಿವಿಯ ಪಕ್ಕದ ಗೋಡೆಯಲ್ಲಿ ಅವರೇ ಹಿಂದೆ ತೆಗೆದ ಒಂದು ಫೋಟೋ ಕಟ್ಟು ಹಾಕಿಸಿ ತೂಗುಹಾಕಿದ್ದರು: ನೀಲಿಯಲ್ಲಿ ಬೆಳ್ಳಗಿನ ಹೊಟ್ಟೆ, ರೆಕ್ಕೆಯ ಅಕ್ಷರ, ತಗಡಿಗೆ ಬಡಿದ ಮೊಳೆಗಳ ಸಾಲು. ಅದು ನಮಗೆಲ್ಲ ಅಳತೆಗೋಲು.

ನಮಗೆಲ್ಲ ಅಂದರೆ ನಾವು ಮೂರೇ ಮಂದಿ. ಮೂರನೆಯವರು ಮುಂಡಗೋಡದ ಕಡೆಯ ಪಾಳಾದ ಚನ್ನಬಸಪ್ಪ ಸಾವುಕಾರರು. ಹಣೆಗೆ ವಿಭೂತಿ, ಬಿಳಿ ಅಂಗಿ, ಭತ್ತದ ವ್ಯಾಪಾರ, ನನ್ನದಕ್ಕಿಂತ ಎಷ್ಟೋ ಮೇಲಿನ ಕ್ಯಾಮೆರಾ. ಮಾರುಕಟ್ಟೆಯಲ್ಲಿ ನೂರು ಮಂದಿಗೆ ಗದರುವ ಆ ಮನುಷ್ಯ ಸರ್ ಎದುರು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಕೂರುತ್ತಿದ್ದರು. ನಾನು ಮೊದಲ ಸಲ ಟಿವಿಗೆ ಹಚ್ಚಿದ ಫೋಟೋ ನೋಡಿ ಅವರು “ಅಕ್ಕಾರ, ಇದು ಹದ್ದೋ ಇಮಾನೋ?” ಎಂದು ಭಯಭಕ್ತಿಯಿಂದಲೇ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಲೆನ್ಸು ಹಳೇದು, ಅದಕ್ಕೇ ಹೀಗೆ ಅಂದೆ. ಬಸ್ತ್ಯಾಂವ್ ಸರ್ ಬಿಡಲಿಲ್ಲ. “ಕುಣೀಲಾರದಾಕಿ ಅಂಗಳ ಡೊಂಕ ಅಂದ್ಳಂತ. ಏಳು. ಕ್ಯಾಮರಾ ಹಿಡಿ. ಹೆಂಗ ನಿಲ್ತಿ ತೋರಸು.”

ಆ ದೀಪಾವಳಿಯಿಂದ ಕ್ರಿಸ್‌ಮಸ್‌ವರೆಗಿನ ಐತವಾರಗಳಲ್ಲಿ ನಾನು ಕಲಿತದ್ದನ್ನು ಬೇರೆ ಯಾವ ವರ್ಷದಲ್ಲೂ ಕಲಿಯಲಿಲ್ಲ. ಮೊಳಕೈ ಪಕ್ಕೆಗೆ ಒತ್ತಿರಬೇಕು. ವಿಮಾನದ ಹಿಂದೆ ಕೈ ತಿರುಗಬಾರದು, ಸೊಂಟ ತಿರುಗಬೇಕು. ಬಟನ್ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ನಾನು ಒತ್ತಿದ ಕೂಡಲೇ ‘ರೈಟ್’ ಅಂದ ಹಾಗೆ ನಿಂತುಬಿಡುತ್ತಿದ್ದೆ. “ಸೊಂಟ ಚೊಲೋ ಐತಿ ನಿಂದು, ಓಡೂ ಬಸ್ಸಿನ್ಯಾಗ ಏನೂ ಹಿಡೀದ ನಿಂತಾಕಿ. ಉಸರ ಒಂದ ಹಿಡಿ” ಎಂದರು ಸರ್. ಪಂಖದ ವಿಮಾನ ಬಂದರೆ ಕ್ಯಾಮೆರಾದ ವೇಗ ಇಳಿಸಬೇಕು. ಪಂಖ ನಿಂತ ಹಾಗೆ ಕಾಣಬಾರದು, ತಿರುಗಿದ ಹಾಗೆ ಕಾಣಬೇಕು. “ನಿಂತ ಪಂಖ ಅಂದ್ರ ಹೆಣದ ಫೋಟೋ” ಎನ್ನುತ್ತಿದ್ದರು. ಬಿಸಿಲೇರಿದರೆ ನೆಲದಿಂದ ಹಬೆ ಎದ್ದು ಗೆರೆಗಳು ನಡುಗುತ್ತವೆ, ಹಾಗಾಗಿ ಮುಂಜಾನೆಯೇ ತೆಗೆಯಬೇಕು. ಒಂದು ಐತವಾರ ಕಾಗೆ ಹೋಗಿ ವಿಮಾನವಾಯಿತು. ಇನ್ನೊಂದು ಐತವಾರ ವಿಮಾನಕ್ಕೆ ಕಿಟಕಿ ಬಂದವು. ಅಕ್ಷರ ಓದಲು ಬಂದ ದಿನ ಸರ್ ಕುರ್ಚಿ ಬಿಟ್ಟು ಎದ್ದರು. ಒಳಗೆ ಹೋಗಿ ಹೆಂಡತಿ ಕರ್ಮಿನ್‌ಬಾಯಿಗೆ ಇನ್ನೊಂದು ಸುತ್ತು ಚಹಾ ಮಾಡಲು ಹೇಳಿದರು. ನಾನು ಆವತ್ತು ಮನೆಗೆ ಹಾರಿಕೊಂಡೇ ಬಂದೆ. ನಮ್ಮ ಮನೆಯವರು ದರ್ಜಿ. ಮಷಿನ್ ತುಳಿಯುವುದನ್ನು ನಿಲ್ಲಿಸದೆ, “ಮಂದಿ ಇಮಾನದಾಗ ಕುಂತು ತೆಳಗ ನೋಡತಾರ. ನೀ ತೆಳಗ ನಿಂತು ಅದರ ಹೊಟ್ಟಿ ನೋಡು” ಅಂದರು. ನನಗೆ ಸಿಟ್ಟೇ ಬರಲಿಲ್ಲ.

ಕ್ರಿಸ್‌ಮಸ್ ಆದ ಮೇಲೆ ಏನಾಯಿತೋ, ಸರ್‌ಗೆ ಯಾವುದೂ ಸರಿಕಾಣದಾಯಿತು. “ಅಕ್ಷರ ಎಲ್ಲೈತಿ? ರೆಕ್ಕಿ ಡೊಂಕ ಆಗೇತಿ. ಹಬಿ ಐತಿ, ಹೊಗಿ ಐತಿ. ಅಳಸು.” ನಾನು ಅಳಿಸಿದೆ. ಸಾವುಕಾರರೂ ಅಳಿಸಿದರು. ಹಳಿಯಾಳದ ಸುತ್ತ ರವದಿ ಸುಡುವ ಕಾಲ, ಹೊಗೆ ಇರುವುದು ಸುಳ್ಳಲ್ಲ. ಹೊಗೆಯ ವಾಸನೆ ಬಂದ ಕಡೆ ಬಿಟ್ಟು ಬೇರೆ ಕಡೆ ಹೋದೆ. ಅಲ್ಲೂ ಹೊಗೆ ಅಂದರು. ನನ್ನ ಕಣ್ಣಿಗೆ ಅಕ್ಷರ ಕಾಣುತ್ತಿತ್ತಲ್ಲ, ಯಾಕೆ ವಾದ ಮಾಡಲಿಲ್ಲ ಎಂದು ನೀವು ಕೇಳಬಹುದು. ಅಲ್ಲೇ ನಮ್ಮ ಹುಚ್ಚಿನವರಷ್ಟೇ ಬೀಳಬಲ್ಲ ಒಂದು ಗುಂಡಿ ಇದೆ. ಮೇಲೆ ಯಾವ ವಿಮಾನ ಹೋಗುತ್ತಿದೆ, ಅದರ ಅಕ್ಷರ ಏನು ಎಂದು ತೋರಿಸುವ ಆ್ಯಪ್ ನಮ್ಮೆಲ್ಲರ ಮೊಬೈಲಿನಲ್ಲಿ ಇರುತ್ತದೆ. ಫೋಟೋ ತೆಗೆಯುವ ಮೊದಲೇ ಅಕ್ಷರ ನಮಗೆ ಗೊತ್ತು. ಗೊತ್ತಿದ್ದದ್ದನ್ನೇ ಕಂಡೆ ಅಂದುಕೊಳ್ಳುತ್ತಿದ್ದೇನೆ ಎಂದು ನಾನು ನನ್ನ ಕಣ್ಣನ್ನೇ ಅನುಮಾನಿಸಿದೆ. ಸಾವುಕಾರರನ್ನು ಒಮ್ಮೆ ಕೇಳಿದ್ದೆ, ನಿಮ್ಮದರಾಗ ನನಗ ಅಕ್ಷರ ಕಂಡಂಗಾತಲ್ರೀ ಎಂದು. “ನನಗೂ ಹಂಗ ಅನಸ್ತು ಅಕ್ಕಾರ. ಸರ್ ಹೇಳ್ಯಾರಂದ್ರ ಇಲ್ಲ ಬಿಡ್ರಿ” ಅಂದರು. ಮುಗಿಯಿತು.

ನಾನು ಡಿಪೋದಲ್ಲಿ ಕಾಡಿಬೇಡಿ ಮುಂಜಾನೆಯ ಮೊದಲ ಗಾಡಿ ಹಾಕಿಸಿಕೊಂಡೆ. ಜೋಯಿಡಾ ದಾಟಿ ಗುಡ್ಡದ ಮೇಲಿನ ಒಂದು ಊರಿಗೆ ಹೋಗುವ ಬಸ್ಸು. ಅಲ್ಲಿ ಡ್ರೈವರ್ ಮಾರುತಿ ಚಹಾ ಕುಡಿದು ಗಾಡಿ ತಿರುಗಿಸುವವರೆಗೆ ನನಗೆ ಬಿಡುವು. ಕಬ್ಬಿಲ್ಲ, ಹೊಗೆಯಿಲ್ಲ, ಹಲ್ಲು ಕಟಕಟ ಅನ್ನುವ ಥಂಡಿ. ಅಲ್ಲಿಂದ ತೆಗೆದವೂ ಸರ್ ಕಣ್ಣಿಗೆ ಡೊಂಕೇ. ಅವರು ಬೈದಷ್ಟೂ ನಾನು ಮೊದಲೇ ಹೋದೆ, ಇನ್ನೂ ಗಟ್ಟಿಯಾಗಿ ಉಸಿರು ಹಿಡಿದೆ. ಈಗ ಹೇಳುತ್ತೇನೆ, ನನ್ನ ಕೈ ನಿಜವಾಗಿ ಕುದುರಿದ್ದು ಆ ದಿನಗಳಲ್ಲೇ. ತೋರಿಸಲು ಒಂದೂ ಉಳಿದಿಲ್ಲ.

ಜನವರಿ ಕೊನೆಗೆ ಗೋವೆಯಿಂದ ಸರ್ ಅವರ ಹಳೆಯ ಗೆಳೆಯರೊಬ್ಬರು ಅವರಿಗೆ ಫೋನ್ ಮಾಡಿದರು. ಅಲ್ಲಿಯ ನಿಲ್ದಾಣದ ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿದ್ದ, ನಾಲ್ಕು ಪಂಖದ ಹಳೆಯ ಸರಕು ವಿಮಾನವನ್ನು ಹೇಗೋ ಹಾರುವ ಹಾಗೆ ಮಾಡಿದ್ದಾರೆ. ಒಳನಾಡಿಗೆ ಒಯ್ದು ಗುಜರಿಗೆಂದು ಒಡೆಯುತ್ತಾರಂತೆ. ಸರ್ ಕೆಲಸಕ್ಕೆ ಸೇರಿದ ದಿನ ಮೊದಲು ಏಣಿ ತಳ್ಳಿದ್ದು ಅದಕ್ಕೆ. ಅದರ ಫೋಟೋ ಅವರ ಹತ್ತಿರ ಒಂದೂ ಇರಲಿಲ್ಲ, ಕೆಲಸದ ಜಾಗದಲ್ಲಿ ಕ್ಯಾಮೆರಾ ಒಯ್ಯುವಂತಿರಲಿಲ್ಲ. “ಗಿರಿಜಾ, ಭಾರ ಐತಿ ಅದು, ಲಗೂ ಮ್ಯಾಲ ಏರಂಗಿಲ್ಲ. ನಿನ್ನ ಗುಡ್ಡದ ಕಡೆ ಭಾಳ ತೆಳಗ ಹಾರತೈತಿ. ಒಂದ ಬೇಕು ನನಗ. ಒಂದ” ಅಂದರು ಸರ್. ನೀವ್ಯಾಕ ಬರಬಾರದು ಅಂದೆ. ಮೊಣಕಾಲು ನೋವು ಅಂದರು. ನಂಬಿದೆ. ಮುಂದಿನ ಸಲ ಹೋದಾಗ ನೋಡಿದರೆ ಟಿವಿಯ ಮೇಲ್ಗಡೆ ಗೋಡೆಗೆ ಆಗಲೇ ಮೊಳೆ ಹೊಡೆದು ಇಟ್ಟಿದ್ದರು. ಕರ್ಮಿನ್‌ಬಾಯಿ ನಕ್ಕು, “ಕೂಸ ಹುಟ್ಟೂ ಮೊದಲ ಕುಲಾಯಿ ಹೊಲಿಸ್ಯಾರ” ಅಂದರು.

ಅದು ಹಾರುವ ದಿನ ಗುಡ್ಡದ ಮೇಲೆ ಬಸ್ಸು ತಿರುಗಿ ನಿಂತಿತ್ತು. ಸರ್ ಫೋನ್ ಬಂತು: “ಎದ್ದತಂತ!” ನಾನು ಕ್ಯಾಮೆರಾ ಹಿಡಿದು ರಸ್ತೆಯ ನಡುವೆ ನಿಂತೆ. ಹೊರಡುವ ಹೊತ್ತಾಯಿತು. ಮಾರುತಿ ಹಾರ್ನ್ ಹೊಡೆದ. “ಅಕ್ಕಾ, ಟೈಮ್ ಆತು.” ಐದೇ ನಿಮಿಷ ಅಂದೆ. ಜೋಯಿಡಾ ಸಂತೆಗೆ ಹೊರಟ ಹೆಂಗಸರು ಕಿಟಕಿಯಿಂದ ಕೊಂಕಣಿಯಲ್ಲಿ ಬೈಯತೊಡಗಿದರು. ಒಬ್ಬ ಮುದುಕ ಇಳಿದು ಬಂದು, “ಯಾರ ಬರೂದೈತಿ?” ಎಂದ. “ಇಮಾನ.” “ಇಲ್ಲೆ ನಿಲ್ಲತೈತೇನು?” “ಇಲ್ಲಜ್ಜಾ, ಹೋಗೂದು ನೋಡಬೇಕು.” “ಹೋಗೂದನ್ನ ನೋಡಾಕ ಬಸ್ ನಿಲ್ಲಸೀಯಾ ಹುಚ್ಚಿ?” ಅಷ್ಟರಲ್ಲಿ ಸದ್ದು ಬಂತು. ಜೆಟ್ಟಿನ ಸೀಳು ಸದ್ದಲ್ಲ, ಗಿರಣಿಯಂಥ ದಪ್ಪ ಗುಂಯ್. ಗುಡ್ಡದ ಹಿಂದಿನಿಂದ ಅದು ಎದ್ದು ಬಂದಾಗ ಬೈಯುತ್ತಿದ್ದ ಬಾಯಿಗಳೆಲ್ಲ ನಿಂತವು. ವೇಗ ಇಳಿಸಿದೆ, ಮೊಳಕೈ ಒತ್ತಿದೆ, ಉಸಿರು ಹಿಡಿದೆ, ಸೊಂಟ ತಿರುಗಿಸಿದೆ, ಅದು ದಾಟಿದ ಮೇಲೂ ತಿರುಗುತ್ತಲೇ ಇದ್ದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ನಾಲ್ಕೂ ಪಂಖ ತಿರುಗುತ್ತಿದ್ದವು. ಮುದುಕ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, “ಹೌದವ್ವಾ, ನಿಲ್ಲಸಬೇಕಾಗಿತ್ತು ಖರೆ” ಎಂದ. ತಡವಾಗಿ ಬಂದದ್ದಕ್ಕೆ ಡಿಪೋದಲ್ಲಿ ಮೆಮೋ ಕೊಟ್ಟರು. ನಗುತ್ತಾ ಇಸಿದುಕೊಂಡೆ.

ಐತವಾರ ಬಂತು. ಸಾವುಕಾರರಿಗೆ ಆವತ್ತು ಬರಲಾಗಿರಲಿಲ್ಲ. ಸರ್ ಹೊಸ ಅಂಗಿ ಹಾಕಿಕೊಂಡು ಕೂತಿದ್ದರು. ನಾನು ಕಾರ್ಡು ಟಿವಿಗೆ ಹಚ್ಚಿದೆ. ಅವರು ನೋಡಿದರು, ಬಹಳ ಹೊತ್ತು ನೋಡಿದರು, ಕುರ್ಚಿ ಮುಂದೆ ಎಳೆದುಕೊಂಡು ನೋಡಿದರು. ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡರು. ಸಂತೋಷಕ್ಕೆ ಅಂದುಕೊಂಡೆ.

“ಎಲ್ಲೈತಿ?” ಅಂದರು.

“ಏನ್ರೀ ಸರ್?”

“ನಂಬರ. ನಂಬರ ಎಲ್ಲೈತಿ? ರೆಕ್ಕಿ ನೋಡು, ಹಾವಿನಗತೆ ಡೊಂಕ. ಹೊಗಿ. ಎಲ್ಲಾ ಹೊಗಿ.”

“ಹೊಗಿ ಇರಲಿಲ್ರೀ ಸರ್, ಗುಡ್ಡದ ಮ್ಯಾಲ...”

“ನನ್ನ ಕಣ್ಣಿಗೆ ಕಾಣಸ್ತೈತಲ್ಲ!” ಎಂದು ಕೂಗಿದರು. “ಒಂದ ಕೇಳಿದ್ದೆ ನಿನ್ನ. ಒಂದು. ಅಳಸು.”

ಕರ್ಮಿನ್‌ಬಾಯಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. ಆ ವಿಮಾನದ ನಂಬರನ್ನು ಸರ್ ನನಗೆ ನೂರು ಸಲ ಹೇಳಿ ಬಾಯಿಪಾಠ ಮಾಡಿಸಿದ್ದರು. ಹಾಗಾಗಿ ನಾನು ಕಂಡದ್ದೋ, ಬಾಯಿಪಾಠವೋ ಎಂದು ಮತ್ತೆ ಅದೇ ಅನುಮಾನ. ಮೇಲೆ ಹಾಳಾದ ಸಿಟ್ಟು ಬೇರೆ. ಮೆಮೋ ತಿಂದು, ಮಂದಿಯ ಬೈಗುಳ ತಿಂದು ತಂದದ್ದು ಇವರಿಗೆ ಹೊಲಸು ಅರಬಿ! ಅಳಿಸಿದೆ. ಬರೀ ಅದನ್ನಲ್ಲ, ಇಡೀ ಕಾರ್ಡು ಖಾಲಿ ಮಾಡಿ, ಚಹಾ ಮುಟ್ಟದೆ ಎದ್ದು ಬಂದೆ. ಮರುವಾರ ಅದೇ ಕಾರ್ಡು ತುಂಬುವಷ್ಟು ಕಾಗೆ, ಕೋತಿ, ಬಸ್ ಸ್ಟ್ಯಾಂಡಿನ ನಾಯಿ, ಏನು ಸಿಕ್ಕಿತೋ ಅದನ್ನೆಲ್ಲ ತೆಗೆದೆ.

ಮುಂದಿನ ಎರಡು ಐತವಾರ ಹೋಗಲಿಲ್ಲ. ಆಮೇಲೆ ಸಾವುಕಾರರು ಕಾರು ಬಿಟ್ಟು ಬೇಕೆಂದೇ ನನ್ನ ಬಸ್ಸು ಹತ್ತಿ, ಟಿಕೆಟ್ ತಗೊಂಡು, ಅಷ್ಟು ಮಂದಿಯ ಎದುರು ಕೈಮುಗಿದರು. “ಅಕ್ಕಾರ, ಸರ್ ಊಟ ಬಿಟ್ಟಾರಂತ. ನೀವ್ ಬರ್ರಿ. ನನ್ನ ಒಬ್ಬನ್ನ ಎಷ್ಟಂತ ಒಗೀತಾರ ಅವರು?” ಹೋದೆ. ಜಗಳವಾದರೆ ಬಿಡಿಸಲು ಇರಲಿ ಎಂದು ನಮ್ಮ ಮನೆಯವರನ್ನೂ ಕರೆದುಕೊಂಡು ಹೋದೆ.

ಸರ್ ಏನೂ ಆಗದವರ ಹಾಗೆ “ಬಾ” ಅಂದರು. ಸಾವುಕಾರರ ಫೋಟೋಗಳು ಒಂದೊಂದಾಗಿ ಟಿವಿಯಲ್ಲಿ ಬಂದವು, ಒಂದೊಂದೂ ಡೊಂಕಾದವು. ನಮ್ಮ ಮನೆಯವರು ಟಿವಿ ನೋಡಲಿಲ್ಲ, ಸರ್ ಮುಖವನ್ನೇ ನೋಡುತ್ತಿದ್ದರು. ನನ್ನ ಕಿವಿಯ ಹತ್ತಿರ ಬಗ್ಗಿ, “ಇವರು ಟಿವಿ ನೋಡಾಕತ್ತಿಲ್ಲ. ಬಾಜೂಕಿನ ಗ್ವಾಡಿ ನೋಡಾಕತ್ತಾರ. ನಮ್ಮವ್ವ ಕಡೀಕ ಸೂಜಿ ಪೋಣಸುವಾಗ ಹಿಂಗ ಮಾರಿ ತಿರುವತಿದ್ಲು” ಅಂದರು. ಸುಮ್ಮನಿರ್ರೀ ಎಂದು ಗದರಿದೆ. ಗದರಿದೆನಾದರೂ ಕಣ್ಣು ಸರ್ ಕಡೆ ಹೋಯಿತು. ನೋಡಿದೆ. ಹೌದು. ಕುತ್ತಿಗೆ ಟಿವಿಯ ಕಡೆ, ಕಣ್ಣು ಗೋಡೆಯ ಕಡೆ.

ಅಷ್ಟರಲ್ಲಿ ಸಾವುಕಾರರು, ಸರ್‌ಗೆ ಖುಷಿಯಾಗಲಿ ಎಂದು, ಕೊನೆಗ ಒಂದು ಚೊಲೋದು ನೋಡಿ ಏಳೂಣು ಎನ್ನುತ್ತಾ ತಮ್ಮ ಬಳಿಯಿದ್ದ ಒಂದು ಪ್ರತಿಯನ್ನು ಹಚ್ಚಿದರು. ನೀಲಿಯಲ್ಲಿ ಬೆಳ್ಳಗಿನ ಹೊಟ್ಟೆ, ರೆಕ್ಕೆಯ ಅಕ್ಷರ, ಮೊಳೆಗಳ ಸಾಲು. ಗೋಡೆಯ ಮೇಲಿದ್ದದ್ದೇ. ಸರ್ ಅವರದೇ. ಬ್ಯಾಡ್ರೀ ಎಂದು ನಾನು ಬಾಯಿ ತೆರೆಯುವ ಮೊದಲೇ ಸರ್ ಅಂದರು:

“ಇದೂ ಹಂಗ. ಡೊಂಕ. ಯಾರದಿದು? ಅಳಸು.”

ಸಾವುಕಾರರ ಕೈಯಲ್ಲಿ ರಿಮೋಟ್ ಇತ್ತು, ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಯಾರದೋ?” ಎಂದು ಸರ್ ಮತ್ತೆ ಕೇಳಿದರು. ಕರ್ಮಿನ್‌ಬಾಯಿ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. “ನಿಮ್ದ ಅದು” ಅಂದರು. ಸರ್ ಎದ್ದು ಗೋಡೆಯ ಹತ್ತಿರ ಹೋಗಿ, ಕಟ್ಟು ಹಾಕಿದ ಫೋಟೋದ ಗಾಜಿನ ಮೇಲೆ ಬೆರಳಾಡಿಸಿದರು. “ಸಾಯ್ಬಾ” ಎಂದು ದೇವರನ್ನು ಕರೆದರು, ಅಷ್ಟೆ. ಅವರು ಮೆತ್ತಗೆ ಮಾತಾಡಿದ್ದನ್ನು ಮೊದಲ ಸಲ ಕೇಳಿದ್ದು ಆವಾಗ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ನಾನೂ ಸಾವುಕಾರರೂ ಕರೆದುಕೊಂಡು ಹೋದೆವು. ಕಣ್ಣಿನ ಪರದೆಯ ನಟ್ಟನಡುವಿನ ಜಾಗ ಎರಡೂ ಕಣ್ಣಲ್ಲಿ ಸವೆದುಹೋಗಿದೆ ಎಂದರು. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ, ಅದಕ್ಕೇ ಮುಖ ಓರೆ ಮಾಡಿ ನೋಡುತ್ತಾರೆ. ನೆಟ್ಟಗಿನ ಗೆರೆ ಡೊಂಕಾಗಿ ಕಾಣುತ್ತದೆ, ಹೊಗೆ ಕವಿದ ಹಾಗಿರುತ್ತದೆ. ಹೋದದ್ದು ಬರುವುದಿಲ್ಲ. ಇದ್ದದ್ದು ಉಳಿಯುತ್ತದೆ ಎಂಬ ಖಾತ್ರಿಯನ್ನೂ ಅವರು ಕೊಡಲಿಲ್ಲ. ಸರ್ ಒಂದೇ ಮಾತು ಕೇಳಿದರು: “ಎಂದಿನಿಂದ?” ಕೆಲವು ತಿಂಗಳಿಂದ ಇರಬೇಕು, ನಿಮಗೆ ಗೊತ್ತಾಗಲಿಲ್ಲವೇ ಎಂದು ಡಾಕ್ಟರು ಕೇಳಿದರು. ನನ್ನ ಕಾರ್ಡನ್ನು ಸಾವುಕಾರರು ಅಲ್ಲೇ ಒಂದು ಅಂಗಡಿಗೆ ಒಯ್ದರು. ಅಳಿಸಿದ್ದನ್ನು ವಾಪಸ್ ತೆಗೆದುಕೊಡುವ ಹುಡುಗರು ಅಲ್ಲಿದ್ದಾರಂತೆ. ನಾಯಿ ಬಂತು, ಕೋತಿ ಬಂತು. ಅದು ಬರಲಿಲ್ಲ.

ಶಿವರಾತ್ರಿಯ ಹಿಂದಿನ ದಿನ ನಾನೊಬ್ಬಳೇ ಕೋಗಿಲಬನಕ್ಕೆ ಹೋದೆ. ಸರ್ ಅಂಗಳದಲ್ಲಿ ಕೂತಿದ್ದರು. ಟಿವಿಗೆ ಬಟ್ಟೆ ಹೊದಿಸಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಹೊಳೆಯ ಕಡೆ ಮುಖ ಮಾಡಿಕೊಂಡೇ ಅಂದರು: “ಮಂದಿ ಎಲ್ಲಾ ಕೆಟ್ಟ ಫೋಟೋ ತಗ್ಯಾಕ ಸುರು ಮಾಡ್ಯಾರ, ತಾಳ್ಮಿ ಹೋಗೇತಿ ಅಂತ ತಿಳಕೊಂಡಿದ್ದೆ ನೋಡು. ಕುಣೀಲಾರದಾಕಿ ಅಂದ್ನಲ್ಲ ನಿನಗ.”

“ಬಿಡ್ರಿ ಸರ್.”

“ಬಿಡಂಗಿಲ್ಲ. ಒಗ್ಯಾಣದ ಮ್ಯಾಲ ಆಣಿ ಮಾಡಿ ಹೇಳು. ಆ ಹಳೇದರ ಫೋಟೋ ಹೆಂಗ ಬಂದಿತ್ತು?”

ಇಡೀ ಚಳಿಗಾಲ ಸುಳ್ಳು ಹೇಳದೆ ಕಳೆದ ನಾನು ಆಗ ಹೇಳಿದೆ: “ಹೊಗಿ ಇತ್ರೀ ಸರ್. ನೀವು ಅಂದಿದ್ದ ಖರೆ.”

ಅವರು ತಲೆಯಾಡಿಸಿದರು. “ಆವತ್ತ ಅದು ಇಲ್ಲೇ ಮ್ಯಾಲ ಹಾದುಹೋತು. ನಾನು ಅಂಗಳದಾಗ ನಿಂತಿದ್ದೆ. ರವದಿ ವಾಸನಿ ಒಂದಿಷ್ಟೂ ಇರಲಿಲ್ಲ. ಥಂಡಿ ಇತ್ತು. ಹೊಗಿ ಇಲ್ಲ ಅಂತ ಮೂಗು ಅಂತಿತ್ತು, ಗಿರಿಜಾ. ನಾ ಕಣ್ಣಿನ ಮಾತ ಕೇಳಿದೆ.”

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ. ಅವರು ನಾನು ಅಳುವಷ್ಟು ಅಳಲಿ ಎಂದು ಬಿಟ್ಟು, “ಈಗ ಹೇಳು. ಏನೇನಿತ್ತು ಅದರಾಗ?” ಎಂದರು.

ಹೇಳಲು ಹೋದೆ. ಏನೂ ಬರಲಿಲ್ಲ. ತಿಂಗಳುಗಟ್ಟಲೆ ತಪ್ಪು ಹುಡುಕುವುದನ್ನೇ ಕಲಿತ ಕಣ್ಣು ಅದರಲ್ಲೂ ತಪ್ಪನ್ನೇ ಹುಡುಕಿತ್ತು. ಇಲ್ಲದ ಹೊಗೆ, ಇಲ್ಲದ ಡೊಂಕು, ಅವೇ ನೆನಪಾದವು. ಕೊನೆಗೆ ಒಂದು ಸಿಕ್ಕಿತು, ಅದನ್ನೂ ನಾನು ತಪ್ಪೆಂದೇ ನೋಡಿದ್ದೆ.

“ಬಲ ರೆಕ್ಕಿ ತೆಳಗ ಒಂದ ಕರೀ ಗೆರಿ ಇತ್ರೀ. ಒಳಗಿನ ಪಂಖದಿಂದ ಹಿಂದಕ ಹರದಿತ್ತು. ಲೆನ್ಸಿಗೆ ಏನರ ಹತ್ತೇತೇನೋ ಅಂದ್ಕೊಂಡೆ.”

ಸರ್ ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

“ಮೂರನೇ ಎಂಜಿನ್ನು. ಎಣ್ಣಿ ಅದು. ಎಷ್ಟ ರಿಪೇರಿ ಮಾಡಿದ್ರೂ ಸೋರತಿತ್ತು. ನಾ ದಿನಾ ಅದರ ತೆಳಗ ಡಬ್ಬಿ ಇಟ್ಟು ಮನಿಗೆ ಹೋಗತಿದ್ದೆ.” ಎತ್ತಿದ ಕೈ ಇಳಿಸಿದರು. “ಅಂದ್ರ ಕಡೀತನಕ ಸೋರಕೋಂತನ ಹೋತು. ಡಬ್ಬಿ ಇಡಾಕ ಯಾರೂ ಇರಲಿಲ್ಲ.”

ಆಮೇಲೆ ಒಗ್ಯಾಣ ನಡೆಯಲಿಲ್ಲ. ನಾನು ಸ್ವಲ್ಪ ದಿನ ಫೋಟೋ ತೆಗೆದು ಮೊಬೈಲಿನ ಗುಂಪುಗಳಿಗೆ ಹಾಕಿದೆ. ಎಲ್ಲದಕ್ಕೂ ಸೂಪರ್ ಎಂದು ಬರೆದರು. ಒಂದು ದಿನ ಬೇಕೆಂದೇ ಅಲುಗಿದ ಫೋಟೋ ಹಾಕಿದೆ. ಅದಕ್ಕೂ ಸೂಪರ್. ಕ್ಯಾಮೆರಾ ಒರೆಸಿ ಅಟ್ಟಕ್ಕೆ ಹಾಕಿದೆ.

ಹೋದ ವಾರ, ಬಸ್ಸಿಗೆ ಹೊಗೆ ನುಗ್ಗಿದ ಆ ದಿನ, ಡ್ಯೂಟಿ ಮುಗಿದ ಮೇಲೆ ಕೋಗಿಲಬನಕ್ಕೆ ಹೋಗಿದ್ದೆ. ಈಗ ಅಂಚೂ ಮಸುಕಾಗಿದೆಯಂತೆ. ಟಿವಿ ಇದ್ದ ಜಾಗದಲ್ಲಿ ಅಕ್ಕಿಯ ಡಬ್ಬಿಗಳಿವೆ, ಮೇಲಿನ ಮೊಳೆಗೆ ಕರ್ಮಿನ್‌ಬಾಯಿ ಕೊಡೆ ತೂಗುಹಾಕಿದ್ದಾರೆ. ನನ್ನ ಅಂಗಿಗೆ ಹತ್ತಿದ ವಾಸನೆ ಹಿಡಿದು ಸರ್ “ರವದಿ ಸುಡಾಕತ್ತಾರ” ಅಂದರು. ಹೌದ್ರೀ ಅಂದೆ.

“ಆ ಗೆರಿ ಹೇಳು ಇನ್ನೊಮ್ಮೆ” ಅಂದರು.

ಬಲ ರೆಕ್ಕೆ, ಒಳಗಿನ ಪಂಖ, ಕರೀ ಗೆರೆ, ಎಲ್ಲ ಹೇಳಿದೆ. ಮುಗಿಯುವವರೆಗೆ ಕೇಳಿ, ನನ್ನನ್ನು ಒಮ್ಮೆ ನೋಡಬೇಕೆಂದು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.